ನಡುಮನೆಯ ಪೆಟ್ಟಿಗೆ

"ಒಂದು ಸಣ್ಣ ಪೆಟ್ಟಿಗೆ ಅಷ್ಟೇ. ಮೂಲೇಲಿ ಇಟ್ರೆ ಆಯ್ತು. ನಿನಗೇನೂ ಕೆಲಸ ಹೆಚ್ಚಾಗಲ್ಲ," ಎಂದರು ಭಾವ.

ಊಟ ಮುಗಿದಿತ್ತು. ಮನೆಯವರೆಲ್ಲ ತಕರಾರು ಎಂದು ಕರೆಯುತ್ತಿದ್ದ ಅವಳು, ಅಕ್ಕನ ಅಡುಗೆಮನೆಯಲ್ಲಿ ತೊಳೆದ ತಟ್ಟೆಗಳನ್ನು ಒರೆಸಿ ಜೋಡಿಸುತ್ತಿದ್ದಳು. ಭಾವ ಬಾಗಿಲಿಗೆ ಒರಗಿ ನಿಂತು, ಉಪ್ಪಿನ ಡಬ್ಬಿ ಎಲ್ಲಿಡಬೇಕು ಎಂದು ಹೇಳುವಷ್ಟೇ ಹಗುರವಾಗಿ ಈ ಮಾತು ಹೇಳಿದ್ದರು.

"ಪೆಟ್ಟಿಗೆ ಏನು ಮಾಡುತ್ತೆ, ಭಾವ?"

"ನಡುಮನೆಗೆ ಬರೋ ಕೀಲಿಗಳ ನಕಲು ಇಟ್ಕೊಳ್ಳುತ್ತೆ. ಯಾರೂ ನೋಡಲ್ಲ."

"ಯಾರೂ ನೋಡದೆ ಇರೋದಕ್ಕೆ ನಕಲು ಯಾಕೆ?"

"ಶುರುವಾಯ್ತು," ಎಂದು ಭಾವ ನಕ್ಕರು.

ಅವಳಿಗೆ ಬೇರೆ ಹೆಸರಿತ್ತು. ಆದರೆ ಮಾತು ಕಲಿತ ದಿನದಿಂದ ಎಲ್ಲದಕ್ಕೂ ಯಾಕೆ, ಯಾಕೆ ಎನ್ನುತ್ತಿದ್ದ ಮಗುವಿಗೆ ಅಪ್ಪ ಇಟ್ಟ ಅಡ್ಡಹೆಸರೇ ಗಟ್ಟಿಯಾಗಿ ನಿಂತಿತ್ತು. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸಿ ಬಂದಾಗ ಅಕ್ಕ, "ತಕರಾರಿಗೆ ಡಾಕ್ಟರೇಟ್ ಬೇರೆ ಕೊಟ್ಟುಬಿಟ್ರಾ? ಮುಗೀತು ನಮ್ಮ ಕಥೆ," ಎಂದು ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಅಪ್ಪ ಹೋದಮೇಲೆ ಅವಳನ್ನು ಓದಿಸಿದವರು ಭಾವ. ಹಾಸ್ಟೆಲಿಗೆ ಬಿಟ್ಟು ಬಂದವರು, ಜ್ವರ ಬಂದಾಗ ಬಸ್ಸು ಹತ್ತಿ ಓಡಿ ಬಂದವರು, ಎಲ್ಲ ಅವರೇ. ಈಗ ಅವರು ಸಂಪರ್ಕ ಇಲಾಖೆಯ ಉಪನಿರ್ದೇಶಕರು, ಅವಳು ಅವರ ಕೈಕೆಳಗಿನ ಎಂಜಿನಿಯರ್.

ಇಲಾಖೆ ನೆಲದಡಿ ಹಾಕಿದ್ದ ಗಾಜಿನ ಎಳೆಯ, ಅಂದರೆ ಆಪ್ಟಿಕಲ್ ಫೈಬರಿನ, ಒಂದು ತುದಿ ನ್ಯಾಯಾಲಯದಲ್ಲಿತ್ತು. ಇನ್ನೊಂದು ತುದಿ ದೂರದ ಇನ್ನೊಂದು ಊರಿನ ಆಶ್ರಯಮನೆಗಳ ಕಚೇರಿಯಲ್ಲಿ. ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರು ಎಲ್ಲೆಲ್ಲಿ ಇದ್ದಾರೆ, ಯಾವ ದಿನ ಸಾಕ್ಷಿ ಹೇಳಲು ಬರುತ್ತಾರೆ, ಅವರ ಮಕ್ಕಳು ಯಾವ ಶಾಲೆಗೆ ಸೇರಿದ್ದಾರೆ ಎಂಬುದೆಲ್ಲ ಆ ಎಳೆಯಲ್ಲಿ ಹೋಗಿ ಬರುತ್ತಿತ್ತು. ಸಂದೇಶವನ್ನು ಮುಚ್ಚಿಡಲು ಎರಡೂ ತುದಿಯಲ್ಲಿ ಒಂದೇ ಕೀಲಿ ಬೇಕು. ಕೀಲಿ ಎಂದರೆ ಕಬ್ಬಿಣದ್ದಲ್ಲ, ಅಂಕೆಗಳ ಒಂದು ಉದ್ದನೆಯ ಸಾಲು. ಅದನ್ನು ಬೆಳಕಿನ ಒಂದೊಂದೇ ಕಣದ ಮೇಲೆ ಹೊರಿಸಿ ಕಳಿಸುತ್ತಿದ್ದರು. ದಾರಿಯಲ್ಲಿ ಯಾರಾದರೂ ಕದ್ದು ನೋಡಿದರೆ, ನೋಡಿದ್ದರಿಂದಲೇ ಕಣ ಕೆಡುತ್ತದೆ. ಎರಡು ತುದಿಯವರೂ ಬಂದ ಅಂಕೆಗಳಲ್ಲಿ ಕೆಲವನ್ನು ಹೋಲಿಸಿ ನೋಡುತ್ತಾರೆ. ತಪ್ಪು ಹೆಚ್ಚಿದ್ದರೆ ಆ ಕೀಲಿಯನ್ನು ಎಸೆದುಬಿಡುತ್ತಾರೆ.

ಆದರೆ ಅಷ್ಟು ದೂರ ಒಂಟಿ ಕಣ ಬದುಕಿ ಹೋಗುವುದಿಲ್ಲ, ಗಾಜಿನಲ್ಲೇ ಕರಗಿಹೋಗುತ್ತದೆ. ಅದಕ್ಕೇ ಅರ್ಧದಾರಿಯಲ್ಲಿ, ಹೆದ್ದಾರಿಯ ಪೆಟ್ರೋಲ್ ಬಂಕಿನ ಹಿಂದೆ, ಕಿಟಕಿಯಿಲ್ಲದ ಒಂದು ಕಟ್ಟಡ. ಕಾಗದದಲ್ಲಿ ಅದು ಮಧ್ಯಂತರ ಕೇಂದ್ರ, ಬಾಯಲ್ಲಿ ನಡುಮನೆ. ಆ ಕಡೆಯ ಕೀಲಿ, ಈ ಕಡೆಯ ಕೀಲಿ ಎರಡೂ ಅಲ್ಲಿ ಬಂದು ಕೂಡುತ್ತಿದ್ದವು. ಕೂಡುವ ಹೊತ್ತಿಗೆ ಮಾತ್ರ ಅವುಗಳ ಮೈಮೇಲೆ ಮುಸುಕಿರುತ್ತಿರಲಿಲ್ಲ. ಎಳೆಯೊಳಗೆ ಕಳ್ಳ ಹೊಕ್ಕರೆ ಬೆಳಕೇ ಕೂಗಿ ಹೇಳುತ್ತದೆ, ನಡುಮನೆಗೆ ಕಳ್ಳ ಹೊಕ್ಕರೆ ಮನುಷ್ಯರೇ ಕೂಗಬೇಕು ಎಂದು ತಕರಾರು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಹೇಳುತ್ತಿದ್ದಳು.

"ಆಗಲ್ಲ, ಭಾವ," ಎಂದಳು ಈಗ, ಕೊನೆಯ ತಟ್ಟೆ ಇಟ್ಟು.

"ಯೋಚನೆ ಮಾಡಿ ಹೇಳು."

"ಯೋಚನೆ ಮಾಡೇ ಹೇಳಿದ್ದು."

ಭಾವನ ನಗು ಹಾಗೆಯೇ ಇತ್ತು, ಆದರೆ ಕಣ್ಣು ಅದರ ಜೊತೆಗಿರಲಿಲ್ಲ.

ಎರಡು ದಿನ ಬಿಟ್ಟು ಅವಳು ಹಲ್ಲು ತೋರಿಸಲು ಅಕ್ಕನ ಕ್ಲಿನಿಕ್ಕಿಗೆ ಹೋದಳು. ಅಕ್ಕ ದಂತವೈದ್ಯೆ, ಮನೆಯ ಕೆಳಗಡೆಯೇ ಕ್ಲಿನಿಕ್ಕು. ಬಾಯಿಗೆ ಇಂಜೆಕ್ಷನ್ ಕೊಟ್ಟು, ಹತ್ತಿ ತುರುಕಿ, ಉಗುಳು ಹೀರುವ ಕೊಳವೆ ಸಿಕ್ಕಿಸಿ, ಕೈಯಲ್ಲಿ ಕೊರೆಯುವ ಯಂತ್ರ ಹಿಡಿದಮೇಲೆ ಅಕ್ಕ ಮಾತು ಶುರುಮಾಡಿದಳು. ಬೇರೆ ಯಾವ ಹೊತ್ತಿನಲ್ಲಿ ಶುರುಮಾಡಿದ್ದರೂ ಅದು ಮುಗಿಯುತ್ತಿರಲಿಲ್ಲ.

"ಅಲ್ಲಾಡಬೇಡ. ಕೇಳು. ಅವರಿಗೆ ವಾರದಿಂದ ನಿದ್ದೆ ಇಲ್ಲ. ಆ ಕಾಂಟ್ರಾಕ್ಟರ್ ಇದ್ದಾನಲ್ಲ, ಅರ್ಧ ಊರಿನ ರಸ್ತೆ ಮಾಡಿಸಿದವನು, ಅವನ ಸೊಸೆ ಮಕ್ಕಳನ್ನ ಕರ್ಕೊಂಡು ಮನೆ ಬಿಟ್ಟು ಹೋಗಿದ್ದಾಳೆ. ಮೊಮ್ಮಕ್ಕಳು ಬೇಕು ಅಂತ ಅವನ ಹಠ. ಮೇಲಿನವರು ಅವನ ಜೇಬಲ್ಲಿದ್ದಾರೆ. ಫೋನ್ ಮೇಲೆ ಫೋನ್."

ತಕರಾರು ಗಂಟಲಲ್ಲೇ ಏನೋ ಗುರುಗುಟ್ಟಿದಳು.

"ಬಾಯಿ ಮುಚ್ಚಬೇಡ. ನನ್ನ ಪಾಡು ನೋಡು, ಅತ್ತ ದರಿ ಇತ್ತ ಪುಲಿ. ಅವರೇನು ಕೆಟ್ಟವರಾ ಹೇಳು? ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ಒದ್ದಾಡ್ತಿದ್ದಾರೆ. ಅಪ್ಪನ ಜಾಗದಲ್ಲಿ ನಿಂತು ನಿನ್ನ ಸಾಕಿದಾರೆ ಕಣೇ. ಒಂದು ಪೆಟ್ಟಿಗೆ. ಇಡೋಕೆ ಬಿಡು."

ಯಂತ್ರ ನಿಂತಿತು. ಅಕ್ಕ ಹತ್ತಿ ತೆಗೆದಳು. ತಕರಾರು ಎದ್ದು ಕೂತಳು. ಕೆಳದುಟಿ ಜೋತುಬಿದ್ದಿತ್ತು, ಗಲ್ಲದ ಮೇಲೆ ಜೊಲ್ಲು ಇಳಿಯುತ್ತಿತ್ತು.

"ಇಲ್ಫ," ಎಂದಳು.

"ಏನು?"

"ಇಲ್ಲ! ಈಗಂತೂ ಫ... ಸತ್ತರೂ ಇಲ್ಲ!"

ಅಕ್ಕನಿಗೆ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರೂ ಬಂತು. ಕೈಗವಸು ಕಿತ್ತು ಬುಟ್ಟಿಗೆ ಎಸೆದು, "ಹೋಗು, ಎರಡು ಗಂಟೆ ಏನೂ ಅಗೀಬೇಡ," ಎಂದು ಬೆನ್ನು ತಿರುಗಿಸಿದಳು.

ಮಾರನೆಯ ಬೆಳಿಗ್ಗೆ ಅವಳು ಬಸ್ಸು ಹತ್ತಿ ಎಳೆಯ ಆ ತುದಿಗೆ ಹೋದಳು. ಆಶ್ರಯಮನೆಗಳನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಭಾರೀ ಮೈಕಟ್ಟಿನ ಹೆಂಗಸು. ಅವರನ್ನು ಎಲ್ಲರೂ, ಅವರಿಗಿಂತ ವಯಸ್ಸಾದವರು ಕೂಡ, ದೊಡ್ಡಮ್ಮ ಎನ್ನುತ್ತಿದ್ದರು. ಕಚೇರಿಯ ಹಿಂದಿನ ಕೋಣೆಯಲ್ಲಿ ಒಬ್ಬ ಹೆಂಗಸು ಎರಡು ಮಕ್ಕಳ ಜೊತೆ ನೆಲದ ಮೇಲೆ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದಳು. ಹಾಡುಹಗಲಿನಲ್ಲಿ, ಕಾವಲಿರುವ ಕಟ್ಟಡದಲ್ಲಿ, ಅವಳು ಬಾಗಿಲ ಹಿಡಿಕೆಯ ಕೆಳಗೆ ಕುರ್ಚಿಯೊಂದನ್ನು ಒತ್ತಿ ನಿಲ್ಲಿಸಿದ್ದಳು. ದೊಡ್ಡಮ್ಮ ತಟ್ಟಿ, "ನಾನು ಕಣಮ್ಮ," ಎಂದಮೇಲೆ ಕುರ್ಚಿ ಎಳೆದ ಸದ್ದು ಕೇಳಿಸಿತು. ಯಾರು ಎಂದು ತಕರಾರು ಕೇಳಲಿಲ್ಲ. ಮಕ್ಕಳಲ್ಲಿ ಚಿಕ್ಕವನು ಅವಳ ಕಾಲನ್ನು ನೋಡಿ, ಗಂಡಸಿನ ಬೂಟು ಅಲ್ಲವೆಂದು ಖಾತ್ರಿಯಾದಮೇಲೆ ಮತ್ತೆ ಚಿತ್ರಕ್ಕೆ ತಲೆ ಬಗ್ಗಿಸಿದ.

ಹೊರಗೆ ಬಂದು ಅವಳು ಪೆಟ್ಟಿಗೆಯ ವಿಷಯ ಹೇಳಿದಳು. ಮುಚ್ಚುಮರೆಯಿಲ್ಲದೆ, ಭಾವನ ಹೆಸರೂ ಸೇರಿಸಿ.

"ಅಂದ್ರೆ ಬೇಲಿನೇ ಎದ್ದು ಹೊಲ ಮೇಯೋಕೆ ಹೊರಟಿದೆ," ಎಂದರು ದೊಡ್ಡಮ್ಮ. "ನಿನ್ನ ಬೆಳಕು ಬರೋಕೆ ಮುಂಚೆ ನಾನೇ ಬಸ್ಸಲ್ಲಿ ಹೋಗ್ತಿದ್ದೆ. ವಿಳಾಸ ಎಲ್ಲ ತಲೇಲಿ ಇಟ್ಕೊಂಡು ನ್ಯಾಯಾಧೀಶರ ಕಿವೀಲಿ ಹೇಳಿ ಬರ್ತಿದ್ದೆ. ಮತ್ತೆ ಹೋಗ್ತೀನಿ ಬಿಡು."

"ನಿಮ್ಮ ಮಂಡಿ?"

"ಮಂಡಿ ನೋಯುತ್ತೆ. ಅದೇನು, ಹೆದರುತ್ತಾ?"

ಭಾವ ನಡುಮನೆಗೆ ಬಂದದ್ದು ಆ ವಾರದಲ್ಲೇ, ನಡುಮಧ್ಯಾಹ್ನ. ಹಿಂದೆ ಇಬ್ಬರು ಗುಮಾಸ್ತರು ಥರ್ಮೋಕೋಲು ಸುತ್ತಿದ ಪೆಟ್ಟಿಗೆ ಹೊತ್ತಿದ್ದರು. ಒಳಗೆ ತಕರಾರು ಮತ್ತು ಬೆಸುಗೆಗಾರ ಇದ್ದರು. ಬೆಸುಗೆಗಾರನ ಕೆಲಸ ಕಡಿದ ಎಳೆಗಳನ್ನು ಕರಗಿಸಿ ಕೂಡಿಸುವುದು. ಗಾಜಿನ ಚೂರು ಚರ್ಮಕ್ಕೆ ಹೊಕ್ಕರೆ ಸಿಗುವುದಿಲ್ಲವೆಂದು ಅವನು ಮೇಜಿನ ಮೇಲೆಲ್ಲ ಅಂಟುಟೇಪು ಒತ್ತಿ ಒತ್ತಿ ಚೂರು ಹೆಕ್ಕುತ್ತಿದ್ದ. ಉಪನಿರ್ದೇಶಕರನ್ನು ಕಂಡು ಎದ್ದು ನಿಂತ, ಬೆರಳಿಗೆ ಅಂಟಿದ ಟೇಪು ಬಿಡಿಸಿಕೊಳ್ಳಲು ಪರದಾಡಿದ.

"ಕಪಾಟು ತೆಗಿ," ಎಂದರು ಭಾವ. ಯಂತ್ರಗಳ ಕಪಾಟಿಗೆ ಗುಪ್ತಪದ ಹಾಕಬೇಕಿತ್ತು, ಅದು ಅವಳೊಬ್ಬಳಿಗೇ ಗೊತ್ತಿತ್ತು.

"ತೆಗೆಯಲ್ಲ."

"ಇದು ಊಟದ ಮನೆ ಅಲ್ಲ. ನಾನೀಗ ನಿನ್ನ ಭಾವ ಅಲ್ಲ."

"ಸರಿ ಸರ್. ತೆಗೆಯಲ್ಲ ಸರ್."

ಗುಮಾಸ್ತರಲ್ಲಿ ಒಬ್ಬ ಕೆಮ್ಮಿದ. ಭಾವನ ಕಿವಿ ಕೆಂಪಾಯಿತು. "ನೀನು ಯಾರ ಹತ್ತಿರ ಮಾತಾಡ್ತಿದ್ದೀಯಾ ಗೊತ್ತಾ? ಈ ಎಳೆ ತಂದವನು ನಾನು. ಇಂಥದ್ದು ಬೇಕು ಅಂತ ಕಚೇರಿ ಕಚೇರಿ ಅಲೆದವನು ನಾನು."

"ಗೊತ್ತು. ಉದ್ಘಾಟನೆ ದಿನ ನೀವು ಮಾತಾಡಿದ್ದು ನನಗೆ ಬಾಯಿಪಾಠ ಇದೆ. ಈ ದಾರೀಲಿ ಹೋಗೋದು ಏನು ಅಂತ ನನಗೂ ಕಾಣಲ್ಲ, ಅದೇ ಇದರ ಹೆಚ್ಚುಗಾರಿಕೆ ಅಂದಿರಿ. ನಾನು ಎದ್ದು ನಿಂತು ಚಪ್ಪಾಳೆ ಹೊಡೆದಿದ್ದೆ."

ಭಾವ ಒಂದು ಕ್ಷಣ ಪೆಟ್ಟಿಗೆಯನ್ನು ನೋಡಿದರು. ಆಮೇಲೆ ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಅದು ಅಮಾನತಿನ ಆದೇಶ. ಮೊದಲೇ ಟೈಪಾಗಿ, ಸಹಿಯಾಗಿ ಬಂದಿತ್ತು. ಇಲ್ಲ ಎನ್ನುತ್ತಾಳೆಂದು ಅವರಿಗೆ ಮೊದಲೇ ಗೊತ್ತಿತ್ತು ಎಂಬುದು ಅವಳಿಗೆ ಅಮಾನತಿಗಿಂತ ಹೆಚ್ಚು ನೋವು ಕೊಟ್ಟಿತು.

"ಗುಪ್ತಪದ ಬರೆದುಕೊಟ್ಟು ಹೋಗು."

"ಕೊಡ್ತೀನಿ. ಅಧಿಕಾರ ಕೈ ಬದಲಾಗುವಾಗ ಉಳಿದ ಕೀಲಿಗಳನ್ನೆಲ್ಲ ಅಳಿಸಬೇಕು, ಎರಡೂ ತುದಿಗೆ ಕಾರಣ ತಿಳಿಸಬೇಕು ಅಂತ ನಿಯಮ ಇದೆ. ಅದು ಮುಗಿಸಿ ಕೊಡ್ತೀನಿ."

ಅವಳು ಕೀಬೋರ್ಡಿನ ಮುಂದೆ ಕೂತಳು. ಅಳಿಸುವ ಆದೇಶ ಒತ್ತಿದಳು. ಸಂಗ್ರಹದಲ್ಲಿದ್ದ ಕೀಲಿಗಳು ಅಳಿದುಹೋದವು. ಪರದೆಯ ಮೇಲಿನ ಹಸಿರು ಪಟ್ಟಿಗಳು ಒಂದಾದಮೇಲೊಂದು ಕೆಂಪಾದವು. ಆಮೇಲೆ ಎರಡೂ ತುದಿಗೆ ಒಂದು ಸಾಲು ಕಳಿಸಿದಳು: ನಡುಮನೆಯಲ್ಲಿ ಕೀಲಿ ನಕಲು ಮಾಡುವ ಪೆಟ್ಟಿಗೆ ಇಡಲಾಗುತ್ತಿದೆ, ಇಂದಿನಿಂದ ಈ ದಾರಿಯನ್ನು ಗುಟ್ಟಿನದೆಂದು ನಂಬಬೇಡಿ.

ಭುಜದ ಮೇಲಿಂದ ಬಗ್ಗಿ ಓದಿದ ಭಾವ, "ಇದನ್ನ ಯಾಕೆ ಬರೆದೆ?" ಎಂದು ಕೂಗಿದರು.

"ಕಾರಣ ಬರೀಬೇಕು ಅಂತ ನಿಯಮ. ಆ ನಿಯಮದ ಕೆಳಗೆ ಸಹಿ ನಿಮ್ಮದೇ, ಸರ್."

ಗುಪ್ತಪದ ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟು, ಕೊಡೆ, ಊಟದ ಡಬ್ಬಿ ಎತ್ತಿಕೊಂಡು, "ಈಗ ಇಡಿ. ಖಾಲಿ ಮನೇಲಿ ಎಷ್ಟು ಪೆಟ್ಟಿಗೆ ಬೇಕಾದ್ರೂ ಇಡಿ," ಎಂದು ಹೊರಗೆ ಬಂದಳು. ಪೆಟ್ರೋಲ್ ಬಂಕಿನ ಹತ್ತಿರ ಬರುವಷ್ಟರಲ್ಲಿ ಅಳು ಬಂತು. ಲಾರಿಗೆ ಗಾಳಿ ಹಾಕುತ್ತಿದ್ದವನು ನೋಡುತ್ತಿದ್ದ. ನೋಡಲಿ ಎಂದು ಅಲ್ಲೇ ನಿಂತು ಅತ್ತು ಮುಗಿಸಿದಳು.

ಆ ಒಂದು ಸಾಲಿನ ಸಂದೇಶ ನ್ಯಾಯಾಧೀಶೆಯ ಮೇಜು ತಲುಪಿತ್ತು. ಆಶ್ರಯಮನೆಗಳ ಮೊಕದ್ದಮೆಗಳೆಲ್ಲ ಅವರ ಮುಂದೆಯೇ ಬರುತ್ತಿದ್ದವು. ದೊಡ್ಡಮ್ಮ ಬಸ್ಸಿನಲ್ಲಿ ಬಂದು, ಕುಂಟುತ್ತ ಮೆಟ್ಟಿಲು ಹತ್ತಿ, ಅವರ ಕಿವಿಯಲ್ಲಿ ವಿಳಾಸ ಹೇಳಿದ ದಿನವೇ ನ್ಯಾಯಾಧೀಶೆ ಉಪನಿರ್ದೇಶಕರನ್ನೂ ಅಮಾನತಾದ ಎಂಜಿನಿಯರನ್ನೂ ತಮ್ಮ ಕೊಠಡಿಗೆ ಕರೆಸಿದರು.

"ಪೆಟ್ಟಿಗೆ ಯಾಕೆ?" ಎಂದು ಮೊದಲು ಭಾವನನ್ನು ಕೇಳಿದರು.

"ಮೇಲ್ವಿಚಾರಣೆಗೆ, ಮೇಡಂ. ಎಲ್ಲದರ ಮೇಲೂ ಒಂದು ಕಣ್ಣಿರಬೇಕಲ್ಲ. ದುರುಪಯೋಗ ಆಗಲ್ಲ. ನಾನೇ ಹೊಣೆ."

"ನೀವು ವರ್ಗವಾಗಿ ಹೋದಮೇಲೆ?"

ನ್ಯಾಯಾಧೀಶೆ ತಕರಾರಿನ ಕಡೆ ತಿರುಗಿದರು. "ನಡುವೆ ಯಾರಾದರೂ ಇರಲೇಬೇಕು ಅಂತೀರಿ. ಯಾರಿರಲಿ? ನೀವೇ?"

"ಬೇಡ ಮೇಡಂ. ನಾನೂ ಬೇಡ."

"ಯಾಕೆ? ನೀವು ನಂಬಿಕಸ್ಥರಲ್ವಾ?"

"ನಂಬಿಕಸ್ಥಳೇ. ಇಷ್ಟು ದಿನ ಇವರೂ ನಂಬಿಕಸ್ಥರೇ. ನನ್ನ ಮನೆಯವರನ್ನ ಹಿಡಿದು ಯಾರಾದರೂ ಹೆದರಿಸಿದರೆ ನಾನು ಏನು ಮಾಡ್ತೀನಿ ಅಂತ ನನಗೇ ಗೊತ್ತಿಲ್ಲ. ನಾವು ಒಳ್ಳೆಯವರಾಗಿದ್ದರೆ ಮಾತ್ರ ಆ ಮಕ್ಕಳು ಬದುಕೋದು ಅಂತ ಆಗಬಾರದು."

"ಹಾಗಾದರೆ?"

"ಎರಡು ದಾರಿ ಬೇಕು. ಇನ್ನೊಂದು ಎಳೆ ರೈಲ್ವೆಯವರದು ಇದೆ, ಹಳಿ ಪಕ್ಕದಲ್ಲಿ ಖಾಲಿ ಬಿದ್ದಿದೆ. ಒಂದು ಸಾಲು ಅಂಕೆ ಈ ದಾರೀಲಿ, ಇನ್ನೊಂದು ಸಾಲು ಆ ದಾರೀಲಿ. ಎರಡನ್ನೂ ಕೂಡಿಸಿದರೆ ಬರೋದು ಕೀಲಿ. ಒಂದೇ ಸಾಲು ಸಿಕ್ಕಿದವನಿಗೆ ಅರ್ಧ ಗುಟ್ಟು ಸಿಗಲ್ಲ ಮೇಡಂ, ಏನೂ ಸಿಗಲ್ಲ. ಮೊತ್ತ ಐದು ಅಂತ ಗೊತ್ತಿದ್ದು, ನನ್ನ ಹತ್ತಿರ ಎರಡಿದೆ ಅಂದ್ರೆ ಇನ್ನೊಂದು ಮೂರು ಅಂತ ಲೆಕ್ಕ ಸಿಗುತ್ತೆ. ಮೊತ್ತವೇ ಗೊತ್ತಿಲ್ಲದಿದ್ದರೆ? ನನ್ನ ಹತ್ತಿರ ಎರಡಿದೆ ಅನ್ನೋದರಿಂದ ಯಾರಿಗೆ ಏನು ಉಪಯೋಗ?"

ನ್ಯಾಯಾಧೀಶೆ ಬೆರಳಲ್ಲೇ ಏನೋ ಲೆಕ್ಕ ಹಾಕಿ ನೋಡಿದರು. "ಇದನ್ನ ಮೊದಲೇ ಯಾಕೆ ಮಾಡಲಿಲ್ಲ?"

"ಕೇಳಿದ್ದೆ. ನಮ್ಮನ್ನ ಯಾರು ಅನುಮಾನಿಸ್ತಾರೆ, ಬೇಡ ಅಂದ್ರು."

ಅಂದವರು ಯಾರೆಂದು ಅವಳು ಹೇಳಲಿಲ್ಲ. ಭಾವ ತಾವೇ ಕತ್ತೆತ್ತಿ, "ನಾನೇ ಅಂದಿದ್ದು," ಎಂದರು.

ಅಮಾನತು ರದ್ದು ಮಾಡುವುದು ನ್ಯಾಯಾಧೀಶೆಯ ಕೈಯಲ್ಲಿರಲಿಲ್ಲ. ಆದರೆ ನ್ಯಾಯಾಲಯದ ಗುಟ್ಟು ಹೇಗೆ ಹೋಗಬೇಕೆಂದು ಹೇಳುವುದು ಅವರ ಕೈಯಲ್ಲಿತ್ತು. ಎರಡನೆಯ ದಾರಿ ಸಿದ್ಧವಾಗುವವರೆಗೆ ನಡುಮನೆಯ ಮೂಲಕ ಒಂದಕ್ಷರವೂ ಹೋಗಕೂಡದೆಂದು ಆದೇಶಿಸಿ, ತಕರಾರನ್ನು ನ್ಯಾಯಾಲಯದ ತಾಂತ್ರಿಕ ಸಲಹೆಗಾರಳನ್ನಾಗಿ ನೇಮಿಸಿದರು. ಬೆಸುಗೆಗಾರ ರಜೆ ಹಾಕಿ ಜೊತೆಗೆ ಬಂದ. "ಅಮಾನತು ಮಾಡಿದ್ರೆ?" ಎಂದು ಅವಳು ಕೇಳಿದ್ದಕ್ಕೆ, "ಮಾಡಲಿ, ಮೇಡಂ. ಗಾಜು ಎಲ್ಲಾದರೂ ಮುರೀತಾ ಇರುತ್ತೆ, ನನಗೆ ಕೆಲಸಕ್ಕೇನು ಬರ," ಎಂದ.

ಆದೇಶ ಕೈಗೆ ಬಂತು, ಕೆಲಸ ಮಾತ್ರ ಅಷ್ಟು ಬೇಗ ಕೈಗೆ ಹತ್ತಲಿಲ್ಲ. ಅರ್ಧದಾರಿಯ ಒಂದು ಸಣ್ಣ ನಿಲ್ದಾಣದಲ್ಲಿ ಬಳಕೆಯಿಲ್ಲದ ಸಿಗ್ನಲ್ ಕೋಣೆ ಸಿಕ್ಕಿತು. ಗೋಡೆಯ ತುಂಬ ಹಳೆಯ ಸನ್ನೆಗೋಲುಗಳು, ಎಣ್ಣೆಯ ವಾಸನೆ, ಕಿಟಕಿಯ ಹೊರಗೇ ಹಳಿ. ಯಂತ್ರ ಕೂರಿಸಿದರೆ ತಪ್ಪುಗಳು ಇದ್ದಕ್ಕಿದ್ದಂತೆ ಏರುತ್ತಿದ್ದವು. ಯಾರೋ ಕದ್ದು ನೋಡುತ್ತಿದ್ದಾರೆಂದೇ ಮೊದಲು ಅಂದುಕೊಂಡರು. ಎಳೆಯುದ್ದಕ್ಕೂ ಹುಡುಕಿದರು, ಎಲ್ಲೂ ಏನೂ ಇಲ್ಲ. ಕೊನೆಗೆ ಕಂಡದ್ದು, ಗೂಡ್ಸ್ ರೈಲು ಹೋದಾಗಲೆಲ್ಲ ನೆಲ ನಡುಗಿ ಎಳೆ ಅದುರುತ್ತದೆ, ಅದುರಿದ ಎಳೆಯಲ್ಲಿ ಕಣಗಳ ದಿಕ್ಕು ಕೆಡುತ್ತದೆ.

ಇಲಾಖೆಯಿಂದ ಬಂದ ಪರಿಶೀಲಕನೊಬ್ಬ ಇದನ್ನೇ ಹಿಡಿದುಕೊಂಡ. "ರೈಲು ಬಂದಾಗ ಕೆಲಸ ಮಾಡದ ಯಂತ್ರ, ರೈಲು ನಿಲ್ದಾಣದಲ್ಲಿ! ಇದನ್ನ ನಾನು ವರದೀಲಿ ಹೇಗೆ ಬರೀಲಿ?"

"ಇದ್ದದ್ದು ಇದ್ದ ಹಾಗೆ ಬರೀರಿ," ಎಂದಳು ತಕರಾರು. "ಗೂಡ್ಸ್ ಬಂದಾಗ ಸುಮ್ಮನಿರ್ತೀವಿ, ಹೋದಮೇಲೆ ಮಾತಾಡ್ತೀವಿ. ರೈಲಿಗೂ ನಮಗೂ ಜಗಳ ಇಲ್ಲ ಅಂತ ಬರೀರಿ."

ಹಾಗೆಯೇ ಮಾಡಿದರು. ನಡುಗಿದ ಹೊತ್ತಿನ ಕಣಗಳನ್ನು ಎಸೆದು, ಉಳಿದವನ್ನು ಇಟ್ಟುಕೊಂಡರು. ಕೀಲಿ ನಿಧಾನವಾಗಿ ಬೆಳೆಯಿತು, ಆದರೆ ಬೆಳೆಯಿತು. ಎರಡೂ ಸಾಲು ಮೊದಲ ಸಲ ಕೂಡಿ ಆ ತುದಿಯಲ್ಲಿ ಸಂದೇಶ ಬಿಚ್ಚಿಕೊಂಡಾಗ ದೊಡ್ಡಮ್ಮ ಫೋನು ಮಾಡಿದರು. "ಬಂತು ಕಣೇ. ಆ ತಾಯಿ ಮಕ್ಕಳಿಗೆ ಹೊಸ ಜಾಗ ಸಿಕ್ತು. ನಾಳೆ ಹೊರಡ್ತಾರೆ." ಎಲ್ಲಿಗೆ ಎಂದು ಹೇಳಲಿಲ್ಲ. ಇವಳೂ ಮುಂದೆ ಕೇಳಲಿಲ್ಲ. ಬೆಸುಗೆಗಾರ ಮಾತ್ರ ಸನ್ನೆಗೋಲೊಂದನ್ನು ಹಿಡಿದು ಜೋರಾಗಿ ಎಳೆದ. ಅದು ತುಕ್ಕು ಹಿಡಿದು ಅಲ್ಲಾಡಲಿಲ್ಲ.

ಅಕ್ಕ ಆ ದಿನಗಳಲ್ಲಿ ಫೋನು ಮಾಡಲಿಲ್ಲ. ತಕರಾರು ಮಾಡಿದರೆ ಕ್ಲಿನಿಕ್ಕಿನ ನರ್ಸು ಎತ್ತಿ, "ಡಾಕ್ಟರು ಪೇಷೆಂಟ್ ಜೊತೆ ಇದ್ದಾರೆ," ಎನ್ನುತ್ತಿದ್ದಳು. ಊರಿನವರ ಬಾಯಲ್ಲಿ ಎಷ್ಟು ಹಲ್ಲು ಹುಳುಕಿರಲು ಸಾಧ್ಯ ಎಂದು ಅವಳು ಒಂದು ದಿನ ಆ ನರ್ಸನ್ನೇ ಕೇಳಿದಳು.

ಒಂದು ಮಧ್ಯಾಹ್ನ ಪ್ಯಾಸೆಂಜರ್ ರೈಲಿನಿಂದ ಭಾವ ಇಳಿದರು. ಹಿಂದೆ ಗುಮಾಸ್ತರಿರಲಿಲ್ಲ. ಸಿಗ್ನಲ್ ಕೋಣೆಯ ಹೊಸ್ತಿಲಲ್ಲಿ ನಿಂತು, ಒಳಗೆ ಬರಲೇ ಎಂದು ಕೇಳಿದರು. ಅವರು ಹಾಗೆ ಕೇಳಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಒಂದು ಸ್ಟೂಲು ತಳ್ಳಿದಳು.

"ಪೆಟ್ಟಿಗೆ ನಡುಮನೇಲೇ ಇದೆ," ಎಂದರು. "ದಿನಾ ಅಂಕೆ ತುಂಬ್ತಾ ಇದೆ. ಮೇಲಿನವರು ಖುಷಿಯಾಗಿದ್ರು. ಬಿಚ್ಚೋಕೆ ಹೋದ್ರು, ಏನೂ ಬಿಚ್ಚಿಕೊಳ್ಳಲಿಲ್ಲ."

"ಬಿಚ್ಚಿಕೊಳ್ಳಲ್ಲ. ನಾಣ್ಯ ಚಿಮ್ಮಿಸಿ ಬರೆದುಕೊಂಡರೂ ಅಷ್ಟೇ ಸಿಗುತ್ತೆ."

"ಅವರಿಗೆ ಏನು ಹೇಳಲಿ?"

"ನಿಜ ಹೇಳಿ."

ಭಾವ ಕೈಯಲ್ಲಿದ್ದ ಟಿಕೆಟ್ಟನ್ನು ಮಡಿಸಿದರು, ಬಿಚ್ಚಿದರು. ಅವರು ಸೋತುಹೋಗಿದ್ದಂತೆ ಕಾಣುತ್ತಿತ್ತು. ಅವಳಿಗೆ ಅಯ್ಯೋ ಅನಿಸಿತು, ಹಾಗೆ ಅನಿಸಿದ್ದಕ್ಕೆ ಸಿಟ್ಟೂ ಬಂತು.

"ಅವರು ಮುಂದೆ ಏನು ಕೇಳ್ತಾರೆ ಗೊತ್ತಾ?" ಎಂದರು ಭಾವ, ಕೊನೆಗೆ. "ರೈಲ್ವೆಯವರ ಜೊತೆ ಮಾತಾಡ್ತಿದ್ದಾರೆ. ಇಲ್ಲೂ ಒಂದು ಪೆಟ್ಟಿಗೆ. ಎರಡೂ ಕಡೆ ಇಟ್ರೆ ಏನು ಮಾಡ್ತೀಯಾ?"

ಇದು ಬೆದರಿಕೆಯೋ ಎಚ್ಚರಿಕೆಯೋ ಎಂದು ಅವಳು ಅವರ ಮುಖ ನೋಡಿದಳು. ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ.

"ಇಟ್ಟ ದಿನ ಇಲ್ಲಿನ ಕೀಲಿಗಳನ್ನೂ ಅಳಿಸ್ತೀನಿ. ಎರಡೂ ತುದಿಗೆ ಹೇಳ್ತೀನಿ. ಆಮೇಲೆ ಮೂರನೇ ದಾರಿ ಹುಡುಕ್ತೀನಿ."

"ಮೂರನೇದಕ್ಕೂ ಬಂದ್ರೆ?"

"ಭಾವ, ಪೆಟ್ಟಿಗೆ ಹೊರೋರಿಗೆ ಸುಸ್ತಾಗುತ್ತೆ. ನನಗೆ ಆಗಲ್ಲ."

ದೂರದಲ್ಲಿ ಗೂಡ್ಸ್ ರೈಲಿನ ಸದ್ದು ಕೇಳಿಸಿತು. ಬೆಸುಗೆಗಾರ ಪ್ಲಾಟ್‌ಫಾರ್ಮಿನಿಂದ ಕೈ ಬೀಸಿದ. ಅವಳು ಯಂತ್ರ ನಿಲ್ಲಿಸಿ, ಕಿಟಕಿ ಮುಚ್ಚಿ, ಗಾಜುಗಳು ಗಲಗಲನೆ ನಡುಗುವಷ್ಟು ಹೊತ್ತೂ ಎದ್ದು ನಿಂತೇ ಇದ್ದಳು. ಭಾವ ಏನೋ ಹೇಳುತ್ತಿದ್ದರು, ಬಾಯಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ರೈಲು ಹೋದಮೇಲೆ ಅವರು ಅದನ್ನು ಮತ್ತೆ ಹೇಳಲಿಲ್ಲ. ಅವಳು ಮತ್ತೆ ಯಂತ್ರದ ಮುಂದೆ ಕೂತು, ಕೆಲಸ ಶುರುಮಾಡಿದಳು.